ಮೂರು ವರ್ಷದ ಘೋಷಣೆ, ಮೂವತ್ತು ವರ್ಷದ ಕೆಲಸ

ಕಾಲೇಜಿನಲ್ಲಿ ಮೂರು ವರ್ಷ ಗಂಟಲು ಹರಿಯುವಂತೆ ಕೂಗಿದ ಹುಡುಗ ಆಮೇಲಿನ ಮೂವತ್ತು ವರ್ಷ ಯಾಕೆ ಬಾಯಿ ಬಿಡುವುದಿಲ್ಲ? ಈ ಪ್ರಶ್ನೆಯನ್ನು ನಾವು ಬಹಳ ದಿನದಿಂದ ಹೊತ್ತು ತಿರುಗುತ್ತಿದ್ದೇವೆ. ನಮಗೀಗ ಇಪ್ಪತ್ತಾರು, ಇಪ್ಪತ್ತೇಳು. ನಮ್ಮ ಮನೆಗಳಲ್ಲಿ ಪದವಿ ಅನ್ನುವುದು ನಮ್ಮಿಂದಲೇ ಶುರು. ನಮಗಿಂತ ಮೊದಲು ಆ ಮನೆಗಳಲ್ಲಿದ್ದ ಅಕ್ಷರವೆಂದರೆ ರೇಷನ್ ಕಾರ್ಡಿನ ಮೇಲಿದ್ದದ್ದು, ಸಾಲದ ಪತ್ರದ ಮೇಲಿದ್ದದ್ದು. ಹಾಸ್ಟೆಲಿನಲ್ಲಿ ಒಂದೇ ಚಾಪೆಯ ಮೇಲೆ ಮಲಗಿದವರು, ಒಂದೇ ತಟ್ಟೆಯ ಮುದ್ದೆ ಮುರಿದು ತಿಂದವರು, ಏಪ್ರಿಲ್ 14ರ ಮೆರವಣಿಗೆಯಲ್ಲಿ ಒಂದೇ ಬ್ಯಾನರಿನ ಎರಡು ಕೋಲು ಹಿಡಿದು ನಡೆದವರು ನಾವು. ಅವರಲ್ಲೊಬ್ಬ ಈಗ ಪೋಲೀಸು ಪೇದೆ. ಒಬ್ಬಳು ಬ್ಯಾಂಕಿನಲ್ಲಿದ್ದಾಳೆ. ಇಬ್ಬರಿಗೆ ಬೆಂಗಳೂರಿನ ಕಂಪನಿಗಳಲ್ಲಿ ರಾತ್ರಿ ಪಾಳಿ. ಒಬ್ಬ ಅತಿಥಿ ಉಪನ್ಯಾಸಕ, ವರ್ಷದಲ್ಲಿ ಕೆಲವು ತಿಂಗಳು ಸಂಬಳ, ಕೆಲವು ತಿಂಗಳು ಬರೀ ಭರವಸೆ. ಫೋನು ಮಾಡಿದರೆ ಎಲ್ಲರೂ ಪ್ರೀತಿಯಿಂದಲೇ ಮಾತಾಡುತ್ತಾರೆ. ಊರಿನಲ್ಲಿ ಆದ ಅನ್ಯಾಯದ ಸುದ್ದಿ ತೆಗೆದರೆ ಮಾತ್ರ, "ಬುಡೋ ಮಾರಾಯ, ಯಾಕೆ ಅದೆಲ್ಲಾ" ಅನ್ನುತ್ತಾರೆ.

ಇದಕ್ಕೆ ಹಿರಿಯರ ಹತ್ತಿರ ಸಿದ್ಧ ಉತ್ತರ ಒಂದಿದೆ. "ಹೊಟ್ಟೆ ತುಂಬ್ತು, ಹಟ್ಟಿ ಮರ್ತ್ರು." ಈ ನೋವು ಇವತ್ತಿನದಲ್ಲ. 1956ರ ಮಾರ್ಚ್ 18ರಂದು ಆಗ್ರಾದಲ್ಲಿ ಮಾತಾಡುತ್ತಾ ಬಾಬಾಸಾಹೇಬರೇ ಓದಿದವರ ಬಗ್ಗೆ ಸಂಕಟ ತೋಡಿಕೊಂಡರು. ಅದಾಗಿ ಒಂಬತ್ತು ತಿಂಗಳೊಳಗೆ ಅವರು ಇರಲಿಲ್ಲ. ಅಂದಿನಿಂದ ಪ್ರತಿ ಸಭೆಯಲ್ಲೂ ಓದಿದವರಿಗೆ ಬೈಗುಳ ತಪ್ಪಿದ್ದಿಲ್ಲ. ಬೈಸಿಕೊಂಡವರು ತಲೆ ಬಗ್ಗಿಸಿ, ಚಂದಾ ಕೊಟ್ಟು, ಮತ್ತೆ ಬಸ್ಸು ಹತ್ತುತ್ತಾರೆ. ಬೈದದ್ದರಿಂದ ಯಾರೂ ಊರ ಕೆಲಸಕ್ಕೆ ಬಂದದ್ದನ್ನು ನಾವು ಕಂಡಿಲ್ಲ.

ಯಾಕೆಂದರೆ ಆ ತುಂಬಿದ ಹೊಟ್ಟೆಯ ಒಳಗೇನಿದೆ ಎಂದು ನಮಗೆ ಗೊತ್ತು. ಮೊದಲ ಸಂಬಳ ಬರುವ ಮೊದಲೇ ಅದು ಖರ್ಚಾಗಿರುತ್ತದೆ. ಅಕ್ಕನ ಮದುವೆ ಸಾಲ, ಅಪ್ಪನ ಆಪರೇಷನ್ ಸಾಲ, ತಮ್ಮನ ಫೀಜು. ನಗರದಲ್ಲಿ ಬಾಡಿಗೆ ಮನೆ ಕೇಳಲು ಹೋದರೆ ಹೆಸರಾದ ಮೇಲೆ ಕೇಳುವ ಎರಡನೇ ಪ್ರಶ್ನೆ "ನೀವು ಯಾವ ಪೈಕಿ?" ಅನ್ನುವುದು. ಆಫೀಸಿನಲ್ಲಿ ಗೋಡೆಯ ಮೇಲೆ ಬಾಬಾಸಾಹೇಬರ ಪಟ ಇರುತ್ತದೆ, ಅದರ ಕೆಳಗೆ ಕೂತು "ಕೋಟಾದೋನು" ಎಂದು ಪಿಸುಗುಡುವವರೂ ಇರುತ್ತಾರೆ. ಹೀಗಿರುವಾಗ ಅವನು ಬಾಯಿ ಮುಚ್ಚಿಕೊಳ್ಳುವುದು ಸೊಕ್ಕಿನಿಂದಲ್ಲ, ಭಯದಿಂದ. ಇಡೀ ಮನೆ ಅವನೊಬ್ಬನ ಹೆಗಲ ಮೇಲೆ ಕೂತಿರುವಾಗ ಆ ಭಯ ಸಣ್ಣದಲ್ಲ. ಇದನ್ನು ಒಪ್ಪಿಕೊಂಡ ಮೇಲೆಯೇ ಮುಂದಿನ ಮಾತು.

ಮುಂದಿನ ಮಾತು ಕಾಲೇಜಿನದು. 1989ರ ಮಾರ್ಚಿನಲ್ಲಿ ಸಂವಿಧಾನದ 61ನೇ ತಿದ್ದುಪಡಿ ಜಾರಿಗೆ ಬಂದು ಓಟಿನ ವಯಸ್ಸು ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿಯಿತು. ಹೆಚ್ಚೂ ಕಡಿಮೆ ಅದೇ ಕಾಲಕ್ಕೆ ನಮ್ಮ ರಾಜ್ಯದಲ್ಲಿ ಕಾಲೇಜು ಸಂಘಗಳ ಚುನಾವಣೆ ನಿಂತುಹೋಯಿತು. ಗಲಾಟೆ, ಹೊಡೆದಾಟ ಆಗುತ್ತಿತ್ತು ಅನ್ನುತ್ತಾರೆ. ಆಗುತ್ತಿತ್ತು, ನಿಜ. ಆದರೆ ದೇಶದ ಪ್ರಧಾನಿಯನ್ನು ಆರಿಸಲು ಬುದ್ಧಿ ಇದೆ ಎಂದು ಒಪ್ಪಿದ ಹುಡುಗನಿಗೆ ತನ್ನ ಹಾಸ್ಟೆಲಿನ ನೀರಿನ ಬಗ್ಗೆ ಕೇಳುವ ಪ್ರತಿನಿಧಿಯನ್ನು ಆರಿಸಲು ಬುದ್ಧಿ ಇಲ್ಲ ಎಂದಂತಾಯಿತು. 2006ರಲ್ಲಿ ಲಿಂಗ್ಡೋ ಸಮಿತಿ ಕಾಲೇಜು ಚುನಾವಣೆಗೆ ನಿಯಮಗಳನ್ನು ಹೇಳಿತು, ಸುಪ್ರೀಂ ಕೋರ್ಟು ಒಪ್ಪಿತು. ನಾವು ಓದಿದ ಮೂರು ವರ್ಷದಲ್ಲಿ ನಾವು ಕಾಲೇಜಿನಲ್ಲಿ ಒಂದು ಓಟೂ ಹಾಕಲಿಲ್ಲ. ಹೆಚ್ಚು ಅಂಕದವನೊಬ್ಬನನ್ನು ಪ್ರಿನ್ಸಿಪಾಲರು ಕರೆದು "ನೀನೇ ಕಾರ್ಯದರ್ಶಿ" ಅಂದರು. ಅವನು ವರ್ಷವಿಡೀ ಅತಿಥಿಗಳಿಗೆ ಹಾರ ತಂದ.

2023ರಿಂದ ನಮ್ಮ ಶಾಲೆ ಕಾಲೇಜುಗಳಲ್ಲಿ ಸಂವಿಧಾನದ ಪೀಠಿಕೆ ಓದಿಸುತ್ತಿದ್ದಾರೆ. ಒಳ್ಳೆಯದೇ. ಸಮಾನತೆ, ಸಹೋದರತೆ ಅನ್ನುವ ಮಾತು ಬೆಳಗಿನ ಗಾಳಿಯಲ್ಲಿ ಕೇಳಿದರೆ ನಮಗೆ ಮೈ ಜುಂ ಅನ್ನುತ್ತದೆ. ಆದರೆ ಓದಿ ಮುಗಿಸಿದ ಮಕ್ಕಳು ಸಾಲು ಮುರಿದು ಎಲ್ಲಿಗೆ ಹೋಗಿ ಊಟಕ್ಕೆ ಕೂರುತ್ತಾರೆ, ಯಾರ ಪಕ್ಕ ಕೂರುತ್ತಾರೆ, ನೀರಿನ ಕೊಡಕ್ಕೆ ಯಾರು ಕೈ ಹಾಕಬಹುದು ಎಂದು ನೋಡುವವರು ಬೇಕಲ್ಲ? ಪೀಠಿಕೆ ಬಾಯಿಪಾಠವಾದರೆ ಅದೂ ಒಂದು ಮಂತ್ರ. ಮಂತ್ರದಿಂದ ನಮಗೆ ಎಂದೂ ಒಳ್ಳೆಯದಾಗಿಲ್ಲ.

ಇನ್ನು ನಮ್ಮ ಸಂಘಟನೆಗಳ ಮಾತು. ಇದನ್ನು ನಮ್ಮ ಪತ್ರಿಕೆಯಲ್ಲಿ ನಾವೇ ಬರೆಯದಿದ್ದರೆ ಮತ್ತೆ ಯಾರು ಬರೆಯುತ್ತಾರೆ? ವಿದ್ಯಾರ್ಥಿ ಅಂದರೆ ನಮ್ಮ ಸಂಘಟನೆಗಳಿಗೆ ತಲೆ ಲೆಕ್ಕ. ಬೆಂಗಳೂರಿನಲ್ಲಿ ಧರಣಿ ಅಂದರೆ ಹಾಸ್ಟೆಲಿಗೆ ಫೋನು ಬರುತ್ತದೆ. "ಎಷ್ಟು ಜನ ಬರ್ತೀರಪ್ಪ?" ರಾತ್ರಿ ರೈಲು, ಬೆಳಿಗ್ಗೆ ನೀಲಿ ಶಾಲು, ಮಧ್ಯಾಹ್ನ ಪಲಾವಿನ ಪೊಟ್ಟಣ, ಸಂಜೆ ನಾಯಕರ ಭಾಷಣ, ಮತ್ತೆ ರಾತ್ರಿ ರೈಲು. ಹೋದ ಹುಡುಗನಿಗೆ ಘೋಷಣೆ ಗೊತ್ತಾಗುತ್ತದೆ, ಬೇಡಿಕೆ ಪತ್ರದಲ್ಲಿ ಏನಿತ್ತೆಂದು ಗೊತ್ತಾಗುವುದಿಲ್ಲ. ಅದನ್ನು ಯಾರಿಗೆ ಕೊಟ್ಟರು, ಅವರು ಏನು ಬರೆದುಕೊಟ್ಟರು, ಬರೆದುಕೊಟ್ಟದ್ದು ನಡೆಯಿತೋ ಇಲ್ಲವೋ ಎಂದು ಅವನಿಗೆ ಯಾರೂ ಹೇಳುವುದಿಲ್ಲ, ಅವನೂ ಕೇಳುವುದಿಲ್ಲ. ಹೀಗೆ ಮೂರು ವರ್ಷ ತಲೆ ಎಣಿಕೆಗೆ ಹೋದವನು ಪದವಿ ಮುಗಿದ ದಿನ ಎಣಿಕೆಯಿಂದ ಬಿದ್ದುಹೋಗುತ್ತಾನೆ. ಅವನ ಜಾಗಕ್ಕೆ ಇನ್ನೊಂದು ತಲೆ ಬರುತ್ತದೆ. ಅವನ ಕೈಯಲ್ಲಿ ಊರಿಗೆ ತೆಗೆದುಕೊಂಡು ಹೋಗುವಂಥ ಕೆಲಸ ಒಂದೂ ಇರುವುದಿಲ್ಲ.

ನಮ್ಮ ಹಟ್ಟಿಯ ಮುದುಕರೊಬ್ಬರ ಟ್ರಂಕಿನ ಮಾತು ಹೇಳಬೇಕು. ಅವರ ಅಪ್ಪನಿಗೆ ಸರ್ಕಾರ ಕೊಟ್ಟಿದ್ದ ಎರಡು ಎಕರೆ ಜಮೀನು ಊರಿನ ದೊಡ್ಡೋರೊಬ್ಬರ ಕೈಗೆ ಹೋಗಿ ಎಷ್ಟೋ ಕಾಲವಾಗಿತ್ತು. ಒಂದು ಮದುವೆಗೆ ತಂದ ಸಾಲ, ಒಂದು ಹೆಬ್ಬೆಟ್ಟು, ಅಷ್ಟೇ. ನಾವು ಪದವಿ ಮುಗಿಸಿ ಊರಿಗೆ ಬಂದಾಗ ಅವರು ತಗಡಿನ ಟ್ರಂಕು ತೆಗೆದು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದ ಸಾಗುವಳಿ ಚೀಟಿ ನಮ್ಮ ಮುಂದಿಟ್ಟು, "ಓದೋ ಮಗಾ, ಇದ್ರಲ್ಲಿ ಏನೈತೆ" ಅಂದರು. ಕಾಗದ ಮಡಿಕೆ ಮಡಿಕೆಯಲ್ಲಿ ಹರಿದಿತ್ತು. ಷರತ್ತುಗಳ ಸಾಲಿನಲ್ಲಿ, ಈ ಜಮೀನನ್ನು ಪರಭಾರೆ ಮಾಡಕೂಡದು ಎಂದು ಸ್ಪಷ್ಟವಾಗಿ ಬರೆದಿತ್ತು. ನಾವು ಗಟ್ಟಿಯಾಗಿ ಓದಿದೆವು. ಅವರು ಇನ್ನೊಂದು ಸಲ ಓದು ಅಂದರು. ಓದಿದೆವು. "ಅಂಗಾರೆ ಅದು ನಮ್ದೇಯ?" ಅಂದರು.

ಆ "ನಮ್ದೇಯ" ಅನ್ನುವ ಪ್ರಶ್ನೆಗೆ ಉತ್ತರ ಹುಡುಕಲು ಹೋದಾಗ ನಮಗೆ ಪಿ.ಟಿ.ಸಿ.ಎಲ್. ಕಾಯಿದೆ ಅನ್ನುವುದು ತಿಳಿಯಿತು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಜಮೀನಿನ ಪರಭಾರೆಯನ್ನು ನಿಷೇಧಿಸಿ ಕರ್ನಾಟಕ 1978ರಲ್ಲಿ ಮಾಡಿದ ಕಾಯಿದೆ ಅದು. ಷರತ್ತು ಮುರಿದು ಆದ ಮಾರಾಟ ಊರ್ಜಿತವಲ್ಲ, ಉಪವಿಭಾಗಾಧಿಕಾರಿಗೆ ಅರ್ಜಿ ಕೊಟ್ಟರೆ ಜಮೀನು ಬಿಡಿಸಿ ಕೊಡಿಸಬೇಕು, ಕಾಯಿದೆ ಬಂದ ಮೇಲೆ ಮಾರಬೇಕಾದರೆ ಸರ್ಕಾರದ ಮುಂಚಿತ ಅನುಮತಿ ಬೇಕು. ಇದನ್ನು ಪ್ರಶ್ನಿಸಿ ಜಮೀನುದಾರರು ಸುಪ್ರೀಂ ಕೋರ್ಟಿನವರೆಗೆ ಹೋದಾಗ 1984ರಲ್ಲಿ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು. ಆದರೆ 2017ರಲ್ಲಿ ಅದೇ ಕೋರ್ಟು ಇನ್ನೊಂದು ಮೊಕದ್ದಮೆಯಲ್ಲಿ, ಬಹಳ ವರ್ಷ ತಡವಾಗಿ ಬಂದ ಅರ್ಜಿ ನಿಲ್ಲುವುದಿಲ್ಲ, ಸಮಂಜಸವಾದ ಕಾಲದೊಳಗೆ ಬರಬೇಕಿತ್ತು ಎಂದಿತು. ಆಮೇಲೆ ಎಷ್ಟೋ ಅರ್ಜಿಗಳು "ತಡ" ಅನ್ನುವ ಒಂದೇ ಮಾತಿನ ಮೇಲೆ ಬಿದ್ದವು. ಜಮೀನು ಕಳೆದುಕೊಂಡವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಬಿಸಿಲು ಮಳೆ ಅನ್ನದೆ ಧರಣಿ ಕೂತರು. 2023ರಲ್ಲಿ ವಿಧಾನಮಂಡಲ ತಿದ್ದುಪಡಿ ಮಾಡಿ ಅರ್ಜಿಗೆ ಕಾಲಮಿತಿ ಇಲ್ಲ ಎಂದಿತು. ಆ ತಿದ್ದುಪಡಿಯಾದ ಮೇಲೂ ಕೋರ್ಟುಗಳಲ್ಲಿ ವಾದ ಮುಗಿಯಲಿಲ್ಲ.

ತಡ ಅಂದರೆ ಏನು, ಗೆಳೆಯರೆ? ಆ ಕಾಗದ ಟ್ರಂಕಿನಲ್ಲಿ ಇದ್ದಾಗ ಅದನ್ನು ಓದಬಲ್ಲ ಮನುಷ್ಯ ಹಟ್ಟಿಯಲ್ಲಿ ಇರಲಿಲ್ಲ. ಊರಿನಲ್ಲಿ ಇದ್ದ, ಅವನು ಓದಲಿಲ್ಲ. ಆ ಹಟ್ಟಿಯಿಂದ ಓದಿ ಹೊರಟವರು ಓದುವಷ್ಟು ಹೊತ್ತು ನಿಲ್ಲಲಿಲ್ಲ. ಅಕ್ಷರ ಕೊಡದೆ ಇಟ್ಟವರು ಒಬ್ಬರು, ತಡವಾಯಿತೆಂದು ದಂಡ ತೆತ್ತವರು ಇನ್ನೊಬ್ಬರು. ನಮ್ಮ ಮೂವತ್ತು ವರ್ಷದ ಮೌನವನ್ನು ಎಕರೆ ಗುಂಟೆಯಲ್ಲಿ ಅಳೆಯಬಹುದು ಎಂದು ನಮಗೆ ಅವತ್ತು ಗೊತ್ತಾಯಿತು.

ಇನ್ನೊಂದು ಲೆಕ್ಕವನ್ನು ಎಕರೆಯಲ್ಲಿ ಅಳೆಯಲಾಗುವುದಿಲ್ಲ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟುಹಾಕಿದರು. ರಾಜ್ಯವೆಲ್ಲಾ ಹೊತ್ತಿಕೊಂಡಿತು. ಕಾಲೇಜುಗಳು ಬಂದಾದವು, ಮೆರವಣಿಗೆಗಳಾದವು, ಕವಿತೆಗಳು ಬಂದವು. 2006ರ ಡಿಸೆಂಬರಿನಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನೆಲ್ಲ ಬಿಟ್ಟಿತು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಸಾಕ್ಷಿಗಳು ತಿರುಗಿಬಿದ್ದಿದ್ದರು. ಸಾಕ್ಷಿ ತಿರುಗಿಬಿದ್ದ ಎಂದು ಬರೆಯುವುದು ಸುಲಭ. ಅದೇ ಊರಿನ ಅದೇ ಬೀದಿಯಲ್ಲಿ, ಅದೇ ಜಮೀನಿನ ಕೂಲಿ ನಂಬಿಕೊಂಡು, ಆರು ವರ್ಷ ಬದುಕಬೇಕಾದವನು ಅವನು. ಮೆರವಣಿಗೆ ಒಂದು ದಿನದ್ದು, ಸಾಕ್ಷಿಯದು ಆರು ವರ್ಷದ್ದು. ಸಮನ್ಸು ಬಂದ ದಿನ ಅವನ ಜೊತೆ ಬಸ್ಸು ಹತ್ತಿ, ಕೋರ್ಟಿನ ಜಗಲಿಯ ಮೇಲೆ ಪಕ್ಕ ಕೂತು, "ನಾವಿದ್ದೀವಿ ಕಣಣ್ಣ" ಅನ್ನುವ ಹತ್ತು ಜನ ಓದಿದವರು ಪ್ರತಿ ತಾಲೂಕಿನಲ್ಲಿ ಇದ್ದರೆ ಎಂದು ನಾವು ಯೋಚಿಸುತ್ತೇವೆ. ತೀರ್ಪು ಏನಾಗುತ್ತಿತ್ತೋ ಗೊತ್ತಿಲ್ಲ. ಆ ಮನುಷ್ಯ ಒಂಟಿಯಾಗಿ ಮಾತ್ರ ಇರುತ್ತಿರಲಿಲ್ಲ.

ಹಾಗೆ ಬಹಳ ಕಾಲ ನಿಂತವರೂ ನಮ್ಮಲ್ಲಿದ್ದಾರೆ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದದ್ದಕ್ಕೆ ಗಲಭೆಗಳಾದವು, ಅವರ ಮಂತ್ರಿಗಿರಿ ಹೋಯಿತು, ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು. ಏಟು ತಿಂದ ಆ ತಲೆಮಾರು ಹಾಸ್ಟೆಲಿನ ಕೋಣೆಗಳಲ್ಲಿ ಕೂತು ಓದಿತು, ಬರೆಯಿತು, ಸಣ್ಣ ಪತ್ರಿಕೆ ನಡೆಸಿತು, ದಲಿತ ಸಂಘರ್ಷ ಸಮಿತಿ ಕಟ್ಟಿತು. ಅದರ ಮೊದಲ ರಾಜ್ಯ ಸಂಚಾಲಕ ಬಿ. ಕೃಷ್ಣಪ್ಪನವರು ಭದ್ರಾವತಿಯ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಮೇಷ್ಟ್ರು. 1997ರಲ್ಲಿ ಅವರು ತೀರಿಕೊಂಡರು. ಅವರ ಕಾಲವನ್ನು ಹೊಗಳಿ ಇವತ್ತಿನವರನ್ನು ತೆಗಳುವುದು ನಮ್ಮ ಉದ್ದೇಶವಲ್ಲ. ಅವರ ಕೈಯಲ್ಲಿ ಏನಿತ್ತು ಎಂದು ನೋಡಿದರೆ ಸಾಕು. ಭೂಮಿ ಹೋರಾಟ ಅಂದರೆ ಸರ್ವೆ ನಂಬರು ಗೊತ್ತಿರಬೇಕಿತ್ತು. ದೌರ್ಜನ್ಯ ಅಂದರೆ ಆ ಊರಿಗೆ ನಡೆದು ಹೋಗಿ ಹಟ್ಟಿಯಲ್ಲಿ ಮಲಗಬೇಕಿತ್ತು. ಪಾಠದ ಜೊತೆಗೆ ನಡೆಸುವಂಥ ಕೆಲಸವೊಂದು ಕೈಯಲ್ಲಿದ್ದದ್ದರಿಂದ ಅವರು ಉಳಿದರು.

ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಮಲ ಬಾಚುವವರ ಮನೆಯಲ್ಲಿ ಹುಟ್ಟಿ ಓದಿದ ಬೆಜವಾಡ ವಿಲ್ಸನ್ ಅವರನ್ನು ನೋಡಿ. ಅವರು ಎಂಬತ್ತರ ದಶಕದಲ್ಲಿ ಶುರು ಮಾಡಿದ್ದು ಪತ್ರ ಬರೆಯುವುದರಿಂದ. ಒಣ ಪಾಯಖಾನೆಗಳು ಎಲ್ಲೆಲ್ಲಿವೆ, ಯಾರು ಬಾಚುತ್ತಿದ್ದಾರೆ ಎಂದು ತೋರಿಸಿ, ಫೋಟೋ ಹಿಡಿದು, ಅಧಿಕಾರದಲ್ಲಿದ್ದವರಿಗೆಲ್ಲ ಬರೆದರು. ಇಲ್ಲವೇ ಇಲ್ಲ ಎಂದವರ ಮುಂದೆ ಫೋಟೋ ಇಟ್ಟರು. ತೊಂಬತ್ತರ ದಶಕದಲ್ಲಿ ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿದರು. 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 2013ರಲ್ಲಿ ಹೊಸ ಕಾಯಿದೆ ಬಂತು. 2014ರ ಮಾರ್ಚ್ 27ರಂದು ತೀರ್ಪು ಬಂತು: 1993ರಿಂದ ಚರಂಡಿ ಗುಂಡಿಯಲ್ಲಿ ಸತ್ತವರನ್ನೆಲ್ಲ ಗುರುತಿಸಿ, ಪ್ರತಿ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕು. 2023ರಲ್ಲಿ ಕೋರ್ಟು ಅದನ್ನು 30 ಲಕ್ಷಕ್ಕೆ ಏರಿಸಿತು. ಗುಂಡಿಯಲ್ಲಿ ಸಾಯುವುದು ಇನ್ನೂ ನಿಂತಿಲ್ಲ, ಆದ್ದರಿಂದ ಆ ಕೆಲಸವೂ ಮುಗಿದಿಲ್ಲ. ಆದರೆ ಎಲ್ಲಿಂದ ಎಲ್ಲಿಗೆ ಬಂತು ನೋಡಿ. ಮೊದಲ ಹೆಜ್ಜೆ ಯಾವ ಹಾಸ್ಟೆಲಿನ ಹುಡುಗನೂ ಇಡಬಹುದಾದದ್ದು: ಕಣ್ಣಾರೆ ನೋಡು, ಎಣಿಸು, ಬರೆ, ಉತ್ತರ ಬರುವವರೆಗೂ ಮತ್ತೆ ಬರೆ.

ಹಾಗಾಗಿ ನಮ್ಮ ಮಾತು ಇಷ್ಟು. ವಿದ್ಯಾರ್ಥಿಗೆ ಕಾಲೇಜಿನಲ್ಲಿ ಇರುವಾಗಲೇ ಪದವಿಯ ಜೊತೆ ಮುಗಿಯದಂಥ ಒಂದು ಕೆಲಸ ಹಿಡಿಸಬೇಕು. ದೊಡ್ಡದು ಬೇಡ. ಒಬ್ಬನಿಗೆ ಒಂದೇ ಸಾಕು. ಸಂಬಳ ಬಂದ ಮೇಲೂ, ಮದುವೆಯಾದ ಮೇಲೂ, ವರ್ಗವಾದ ಮೇಲೂ ಹಬ್ಬಕ್ಕೆ ಊರಿಗೆ ಬಂದಾಗ ಮುಂದುವರಿಸುವಂಥದ್ದು.

ಉದಾಹರಣೆಗೆ ಗ್ರಾಮಸಭೆ. ಪಂಚಾಯತ್ ರಾಜ್ ಕಾಯಿದೆಯ ಪ್ರಕಾರ ಆರು ತಿಂಗಳಿಗೆ ಒಂದಾದರೂ ನಡೆಯಬೇಕು. ಅಂದರೆ ವರ್ಷದಲ್ಲಿ ಎರಡು ದಿನ. ಮನೆ ಯಾರಿಗೆ, ಬೀದಿ ದೀಪ ಯಾವ ಬೀದಿಗೆ, ಚರಂಡಿ ಎಲ್ಲಿಗೆ ನಿಲ್ಲುತ್ತದೆ ಎಂದು ಅಲ್ಲಿ ತೀರ್ಮಾನವಾಗಬೇಕು. ನಮ್ಮವರು ಹೋಗುವುದಿಲ್ಲ. ಹೋದರೂ ಬಾಗಿಲ ಹತ್ತಿರ ನಿಲ್ಲುತ್ತಾರೆ. ಎಷ್ಟೋ ಕಡೆ ಸಹಿ ಪುಸ್ತಕ ಮನೆ ಮನೆಗೆ ಬಂದು ಸಭೆ ಮುಗಿದುಹೋಗುತ್ತದೆ. ಓದಿದವನೊಬ್ಬ ಆ ದಿನ ರಜ ಹಾಕಿ ಬಂದು, ಹಟ್ಟಿಯ ಹತ್ತು ಹೆಂಗಸರ ಜೊತೆ ಮುಂದಿನ ಸಾಲಿನಲ್ಲಿ ಕೂತು, ಹಿಂದಿನ ಸಭೆಯ ನಡವಳಿ ಓದಿ ಅಂದರೆ ಸಾಕು. ಆ ಒಂದು ಮಾತಿಗೆ ಸಭೆಯ ದನಿಯೇ ಬದಲಾಗುವುದನ್ನು ನಾವು ಕಂಡಿದ್ದೇವೆ.

ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ, ಉತ್ತರಕ್ಕೆ 30 ದಿನ. 2005ರ ಈ ಕಾಯಿದೆಯನ್ನು ಸಿನಿಮಾ ಟಿಕೀಟಿನಷ್ಟೂ ಬಳಸದೆ ಪದವಿ ಮುಗಿಸುವವರು ಸಾವಿರಾರು ಜನ. ಹಾಸ್ಟೆಲಿಗೆ ಎಷ್ಟು ಹಣ ಬಂತು, ಯಾವ ಬಾಬಿಗೆ ಖರ್ಚಾಯಿತು ಎಂದು ಮೊದಲ ಅರ್ಜಿ ಹಾಕಲಿ. ಅಲ್ಲಿ ಕಲಿತ ಕೈ ಮುಂದೆ ಎಲ್ಲಿಯಾದರೂ ಬರೆಯುತ್ತದೆ.

ದೌರ್ಜನ್ಯ ತಡೆ ಕಾಯಿದೆಯಲ್ಲಿ ಮೂರು ಅಂಕಿಗಳಿವೆ. ಅವನ್ನು ನಮ್ಮ ಪ್ರತಿ ಹುಡುಗನೂ ಹುಡುಗಿಯೂ ಮಗ್ಗಿಯ ಹಾಗೆ ಕಲಿಯಬೇಕು. ಪೋಲೀಸರು 60 ದಿನದೊಳಗೆ ತನಿಖೆ ಮುಗಿಸಿ ದೋಷಾರೋಪ ಪಟ್ಟಿ ಹಾಕಬೇಕು. ವಿಶೇಷ ನ್ಯಾಯಾಲಯ ಆದಷ್ಟು ಮಟ್ಟಿಗೆ ಅಲ್ಲಿಂದ 2 ತಿಂಗಳಲ್ಲಿ ವಿಚಾರಣೆ ಮುಗಿಸಬೇಕು. ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಜಾಗೃತಿ ಮತ್ತು ಉಸ್ತುವಾರಿ ಸಮಿತಿ 3 ತಿಂಗಳಿಗೊಮ್ಮೆಯಾದರೂ ಸೇರಬೇಕು. ಬೇಕೆಂದೇ ಕರ್ತವ್ಯ ಬಿಟ್ಟ ಅಧಿಕಾರಿಗೂ ಅದರಲ್ಲಿ ಶಿಕ್ಷೆ ಇದೆ. 2015ರ ತಿದ್ದುಪಡಿಯಿಂದ ಸಾಕ್ಷಿಗೆ ರಕ್ಷಣೆ, ಪ್ರಯಾಣ ಖರ್ಚು ಕೇಳುವ ಹಕ್ಕೂ ಬಂದಿದೆ. 2018ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಈ ಕಾಯಿದೆಯನ್ನು ಸಡಿಲ ಮಾಡಿದಾಗ ಏಪ್ರಿಲ್ 2ರಂದು ದೇಶವೆಲ್ಲ ಬೀದಿಗೆ ಬಂತು, ಆಗಸ್ಟಿನಲ್ಲಿ ಸಂಸತ್ತು ತಿದ್ದಿತು. ಬೀದಿಗೆ ಬರುವುದು ಬೇಡ ಎಂದು ನಾವು ಹೇಳುತ್ತಿಲ್ಲ. ಬೀದಿಯಲ್ಲಿ ಉಳಿಸಿಕೊಂಡ ಕಾಯಿದೆಯನ್ನು ಠಾಣೆಯಲ್ಲಿ ಓದಿ ಹೇಳುವವರು ಬೇಕು.

ದುಡ್ಡಿನ ವಿಷಯವೂ ಹೀಗೇ. ನಮ್ಮ ಜನಸಂಖ್ಯೆಗೆ ತಕ್ಕಂತೆ ಅಭಿವೃದ್ಧಿ ಹಣದಲ್ಲಿ 24.1 ಪಾಲು ನಮ್ಮ ಸಲುವಾಗಿ ಖರ್ಚಾಗಬೇಕೆಂದು ಕರ್ನಾಟಕ 2013ರಲ್ಲಿ ಕಾಯಿದೆ ಮಾಡಿತು. ಅದರಲ್ಲೇ 7(ಡಿ) ಎಂಬ ಒಂದು ಸಣ್ಣ ಕಲಮು ಇತ್ತು. ಎಲ್ಲರೂ ಓಡಾಡುವ ರಸ್ತೆಗೆ, ಸೇತುವೆಗೆ ಹಾಕಿದ ಹಣವನ್ನೂ ನಮ್ಮ ಲೆಕ್ಕಕ್ಕೆ ಬರೆಯಲು ಅದು ದಾರಿ ಮಾಡಿತು. ಹತ್ತು ವರ್ಷ ಅದು ಅಲ್ಲೇ ಇತ್ತು. 2023ರಲ್ಲಿ ತೆಗೆಸಿದ್ದು, ಕಲಮನ್ನು ಓದಿ, ಲೆಕ್ಕ ಹಾಕಿ, ಬಿಡದೆ ಕೇಳಿದವರು. ಬಿ.ಕಾಂ. ಓದುವ ನಮ್ಮ ಹುಡುಗರಿಗೆ ಇದಕ್ಕಿಂತ ಒಳ್ಳೆಯ ಲೆಕ್ಕದ ಪಾಠ ಯಾವುದಿದೆ?

ನಮ್ಮ ಹೆಣ್ಣುಮಕ್ಕಳ ಮಾತು ಬೇರೆಯಾಗಿ ಹೇಳಬೇಕಾಗಿದೆ. ಹಾಸ್ಟೆಲಿನಲ್ಲಿ ಚೆನ್ನಾಗಿ ಮಾತಾಡುವ, ಚೆನ್ನಾಗಿ ಬರೆಯುವ ಹುಡುಗಿಯರು ನಮ್ಮ ಸಭೆಗಳಲ್ಲಿ ಕಾಣುವುದಿಲ್ಲ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಸಭೆ ಶುರುವಾಗುವುದು ಸಂಜೆ ಏಳಕ್ಕೆ, ಹೆಣ್ಣುಮಕ್ಕಳ ಹಾಸ್ಟೆಲಿನ ಗೇಟು ಹಾಕುವುದು ಆರೂವರೆಗೆ. ಸಭೆಯನ್ನು ಮಧ್ಯಾಹ್ನಕ್ಕೆ ತರಲು ಯಾವ ಕ್ರಾಂತಿಯೂ ಬೇಕಿಲ್ಲ. 2010ರಿಂದ ನಮ್ಮ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಹೆಂಗಸರದು. ಆ ಕುರ್ಚಿಗಳಲ್ಲಿ ಎಷ್ಟೋ ಕಡೆ ಗಂಡ ಕೂತು ಹೆಂಡತಿ ಸಹಿ ಹಾಕುತ್ತಿದ್ದಾಳೆ. ಮದುವೆಯಾಗಿ ಬೇರೆ ಊರಿಗೆ ಹೋದ ನಮ್ಮ ಗೆಳತಿಗೆ ಅಲ್ಲಿ ಸಂಘಟನೆ ಇರುವುದಿಲ್ಲ, ಬ್ಯಾನರು ಇರುವುದಿಲ್ಲ. ಆದರೆ ಅರ್ಜಿ ಬರೆಯಲು, ನಡವಳಿ ಓದಲು ಕಲಿತಿದ್ದರೆ ಆ ವಿದ್ಯೆ ಅವಳ ಜೊತೆಗೇ ಹೋಗುತ್ತದೆ. ಸೊಸೆಯಾಗಿ ಹೋದವಳು ಆ ಹಟ್ಟಿಯ ಓದುವ ಕಣ್ಣಾಗುತ್ತಾಳೆ.

ಇದನ್ನು ಓದುತ್ತಿರುವ ಮೇಷ್ಟ್ರುಗಳೇ, ನಿಮ್ಮ ಕಷ್ಟ ನಮಗೆ ಗೊತ್ತು. ನಡತೆ ನಿಯಮಗಳಿವೆ, ಪಕ್ಷ ರಾಜಕೀಯಕ್ಕೆ ಹೋಗುವಂತಿಲ್ಲ. ಹೋಗಬೇಡಿ. ಆದರೆ ಬಿಸಿಯೂಟದಲ್ಲಿ ಎಲ್ಲ ಮಕ್ಕಳೂ ಒಂದೇ ಸಾಲಿನಲ್ಲಿ ಕೂರಲಿ ಅನ್ನುವುದಕ್ಕೆ ಯಾವ ನಿಯಮ ಅಡ್ಡ ಬರುತ್ತದೆ? ಏಳನೇ ತರಗತಿಯ ಮಕ್ಕಳಿಂದ ತಮ್ಮ ಬೀದಿಯ ನಲ್ಲಿಗಳನ್ನು ಎಣಿಸಿ ಬರೆಸುವುದಕ್ಕೆ ಯಾರ ಅಪ್ಪಣೆ ಬೇಕು? ನಾವು ಪಿ.ಯು.ಸಿ.ಗೆ ಸೇರುವಾಗ ಸ್ಕಾಲರ್‌ಶಿಪ್ಪಿನ ಫಾರಮ್ಮು ತುಂಬಿಸಿಕೊಟ್ಟವರು ಒಬ್ಬ ಪ್ರೈಮರಿ ಶಾಲೆಯ ಮೇಡಂ. ಅವರು ಎಂದೂ ಭಾಷಣ ಮಾಡಲಿಲ್ಲ. ಜೂನ್ ಬಂತೆಂದರೆ ಹಟ್ಟಿಗೆ ಬಂದು, ಅರಳಿಕಟ್ಟೆಯ ಮೇಲೆ ಕೂತು, "ಯಾರ್ಯಾರದು ಜಾತಿ ಸರ್ಟಿಫಿಕೇಟು ಆಗಿಲ್ಲ, ತತ್ತರ್ರಪ್ಪಾ" ಅನ್ನುತ್ತಿದ್ದರು. ನಮ್ಮ ಹಟ್ಟಿಯ ಪದವೀಧರರಲ್ಲಿ ಆ ಕಟ್ಟೆಯ ಮುಂದೆ ನಿಲ್ಲದವರು ಯಾರೂ ಇಲ್ಲ.

ನಾವೂ ಪದ್ಯ ಬರೆಯುವವರು. ಪದ್ಯ ಓದಿದರೆ ಚಪ್ಪಾಳೆ ಬೀಳುತ್ತದೆ, ಅರ್ಜಿ ಕೊಟ್ಟರೆ ಗುಮಾಸ್ತ ಮುಖ ಸಿಂಡರಿಸುತ್ತಾನೆ. ಆದರೂ ಈಚೀಚೆಗೆ "ವಿಷಯ" ಎಂದು ಬರೆದು ಅದರ ಮುಂದೆ ಒಂದು ಸಾಲಿನಲ್ಲಿ ಇಡೀ ಹಟ್ಟಿಯ ದುಃಖವನ್ನು ಹೇಳುವುದು ಪದ್ಯದಷ್ಟೇ ಕಷ್ಟ ಎಂದು ನಮಗೆ ಅನ್ನಿಸುತ್ತಿದೆ. ಒಂದು ಪದ ಹೆಚ್ಚಾಗುವಂತಿಲ್ಲ, ಒಂದು ಸರ್ವೆ ನಂಬರು ತಪ್ಪುವಂತಿಲ್ಲ. ನಮ್ಮ ಪದ್ಯಕ್ಕೂ ಅದರಿಂದ ಒಳ್ಳೆಯದೇ ಆಗಿದೆ.

ಈ ವರ್ಷ ಹಾಸ್ಟೆಲು ಬಿಡುವ ಗೆಳೆಯರು ಒಂದು ಕೆಲಸ ಮಾಡಬಹುದು. ಇನ್ನೂರು ಪುಟದ ನೋಟು ಪುಸ್ತಕವೊಂದನ್ನು ತನ್ನಿ. ನಿಮ್ಮ ನಿಮ್ಮ ಹಟ್ಟಿಯ ಒಂದೊಂದು ಬಾಕಿ ಕೆಲಸವನ್ನು ಅದರಲ್ಲಿ ಬರೆಯಿರಿ: ಯಾರ ಜಮೀನು, ಯಾವ ಅರ್ಜಿ, ಯಾವ ತಾರೀಖು, ಮುಂದಿನ ಹಾಜರಿ ಎಂದು. ನಿಮ್ಮ ಫೋನ್ ನಂಬರು ಬರೆಯಿರಿ. ಕೆಳಗಿನ ಕ್ಲಾಸಿನವರ ಕೈಗೆ ಅದನ್ನು ಕೊಟ್ಟು ಹೊರಡಿ. ವರ್ಷಕ್ಕೊಮ್ಮೆ ಏಪ್ರಿಲ್ 14ರಂದು ಬಂದಾಗ ಮೆರವಣಿಗೆಗೆ ಮೊದಲು ಆ ಪುಸ್ತಕ ತೆಗೆದು ಎಲ್ಲರೂ ಕೂತು ಓದಿ. ಯಾವ ಸಾಲಿಗೆ ಉತ್ತರ ಬಂತು, ಯಾವುದಕ್ಕೆ ಬರಲಿಲ್ಲ ಎಂದು ನೋಡಿ. ಕೆಲಸಕ್ಕೆ ಸೇರಿದವರು ಭಾಷಣ ಮಾಡಬೇಕಿಲ್ಲ, ಹೆಸರು ಹಾಕಿಸಿಕೊಳ್ಳಬೇಕಿಲ್ಲ, ತಮ್ಮ ಸಾಲಿನ ಲೆಕ್ಕ ಒಪ್ಪಿಸಿದರೆ ಆಯಿತು. ಭಯ ಇರುವವರೂ ಮಾಡಬಹುದಾದ ಕೆಲಸ ಇದು.

ಆ ಎರಡು ಎಕರೆಯ ಅರ್ಜಿ ಉಪವಿಭಾಗಾಧಿಕಾರಿಯ ಕಛೇರಿಯಲ್ಲಿ ಇನ್ನೂ ಇದೆ. ಹಾಜರಿಯ ದಿನ ಮುದುಕರು ಒಗೆದ ಪಂಚೆ ಉಟ್ಟು ಬಸ್ ಸ್ಟಾಂಡಿಗೆ ಬೆಳಿಗ್ಗೆ ಏಳಕ್ಕೇ ಬಂದು ನಿಲ್ಲುತ್ತಾರೆ. ನಮ್ಮಲ್ಲಿ ಯಾರಾದರೂ ಒಬ್ಬರು ಜೊತೆಗೆ ಹೋಗುತ್ತೇವೆ. ನಿಮ್ಮ ಹಟ್ಟಿಯಲ್ಲೂ ಅಂಥ ಟ್ರಂಕು ಇರುತ್ತದೆ. ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ತೆಗೆಸಿ ನೋಡಿ, ಗಟ್ಟಿಯಾಗಿ ಓದಿ. ಹಾಗೆಯೇ ಪಂಚಾಯಿತಿಯ ಬಾಗಿಲಿಗೆ ಹೋಗಿ ಮುಂದಿನ ಗ್ರಾಮಸಭೆ ಯಾವತ್ತು ಎಂದು ಕೇಳಿ, ತಾರೀಖು ಬರೆದುಕೊಂಡು ಬನ್ನಿ.